ಮಲ್ಲಿಗಮ್ಮನ ಬೈಗುಳ

ಆಗಸ್ಟ್ 4, ಸೋಮವಾರ

ಹಾಸನದಿಂದ ಅದೇ ಏಳರ ಬಸ್ಸು. ಸೀಟಿಲ್ಲ. ಅರಕಲಗೂಡಿನವರೆಗೂ ನಿಂತೇ. ಅಲ್ಲಿಂದ ಆಟೋ, ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಘಾಟು.

ಮಲ್ಲಿಗಮ್ಮನ ಮನೆ. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ. ವಾಸಿಯಾಗುವ ಮಾತಿಲ್ಲ. ನರ್ಸ್ ಮನೆಗೇ ಹೋಗಿ ನೋಡಿಕೊಂಡರೆ ನೋವು ಎಷ್ಟು ತಗ್ಗುತ್ತದೆ — ಅದೇ ನಮ್ಮ ರಿಸರ್ಚು. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು, ನಾನು ಕೇಳಬೇಕು. ಕೇಳಿದೆ.

"ಕಮ್ಮಿ ಆಗ್ದಿದ್ರೆ ನಿಮ್ ಸಾಯೇಬ್ರು ಬೈತಾರೇನವ್ವ?"

"ಬೈದೆ ಬಿಡ್ತಾರಾ! ಕೆಲಸದಿಂದ್ಲೇ ಓಡಿಸ್ತಾರೆ" ಅಂತ ನಕ್ಕೆ.

"ಅಂಗಾದ್ರೆ ಸೊನ್ನೆ ಬರ್ಕೊ. ಕಾಪಿ ಕುಡ್ದು ಓಗು."

ನೋವಿನ ಮಾರ್ಫಿನ್ ಮಾತ್ರೆ ಒಗ್ಗಿದೆ. ಖುಷಿಯಾಯಿತು.

ಆಗಸ್ಟ್ 11

ಮತ್ತೆ ಸೊನ್ನೆ. ರಿಸರ್ಚು ನಡೆಸುವ ಡಾಕ್ಟರ್ ಕೀರ್ತಿರಾಜ್ ಫೋನಿನಲ್ಲೇ ಹಿಗ್ಗಿದರು. ದುಡ್ಡು ಕೊಡುವ ಟ್ರಸ್ಟಿನವರು ತಿಂಗಳ ಕೊನೆಗೆ ಬರುತ್ತಾರಂತೆ. ಫಲ ಕಂಡರೆ ಹೊಳೆನರಸೀಪುರ, ಚನ್ನರಾಯಪಟ್ಟಣಕ್ಕೂ ನರ್ಸ್‌ಗಳು. ಇಲ್ಲದಿದ್ದರೆ ಎಲ್ಲಾ ಬಂದ್.

ಅದೇ ದಿನ, ಸಂಜೆ

ಕೊಡೆ ಮರೆತು ಬಂದಿದ್ದೆ. ಆಟೋ ತಿರುಗಿಸಿಕೊಂಡು ಹೋದೆ. ಬಾಗಿಲಲ್ಲೇ ನರಳಾಟ ಕೇಳಿಸಿತು. ಮಲ್ಲಿಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿದ್ದರು. ಸೊಸೆ ರೂಪಶ್ರೀ ಸೊಂಟ ನೀವುತ್ತಾ ಅಳುತ್ತಿದ್ದಳು.

"ಯಾಕಮ್ಮಾ ಸೊನ್ನೆ ಅಂದ್ರಿ?"

"ನೀನೇ ಅಲ್ವೇನೇ ಅಂದಿದ್ದು, ಕೆಲ್ಸದಿಂದ ಓಡಿಸ್ತಾರೆ ಅಂತ? ಎಣ್ಮಗ ಬಸ್ಸಲ್ಲಿ ನಿಂತ್ಕಂಡ್ ಬತ್ತೀಯ... ನನ್ನಿಂದ ನಿನ್ ಅನ್ನ ಓಗ್ಬಾರ್ದು ಕಣವ್ವ."

ನರ್ಸ್ ಅಳಬಾರದಂತೆ. ಅತ್ತುಬಿಟ್ಟೆ. ಆ ನೋವಿನಲ್ಲೂ ಅವರೇ ನನ್ನ ಕಣ್ಣೊರೆಸಿದರು.

ಡಾಕ್ಟರಿಗೆ ಹೇಳಿ ಡೋಸ್ ಏರಿಸಿದ್ದಾಯಿತು. ಆ ಸೊನ್ನೆಗಳೆಲ್ಲ ಸುಳ್ಳು ಸಾರ್ ಅಂದೆ. ಅವರು, "ಅವನ್ನೆಲ್ಲ ಹೊಡೆದುಹಾಕಿ ಪ್ರತಿಭಾ. ಫಂಡು ಹೋದರೆ ಹೋಗಲಿ."

ಆಗಸ್ಟ್ 18

ನಂಬರು ಕೇಳಲಿಲ್ಲ. ಹಿತ್ತಲಲ್ಲಿ ರೂಪಶ್ರೀಯನ್ನು ಕೇಳಿದೆ, ನಿಜ ಹೇಳು, ಹೆಂಗಿದಾರೆ?

"ನೋವಿದ್ರೆ ತುಟಿ ಪಿಟಕ್ ಅನ್ನಲ್ಲ ಅಕ್ಕ. ವಸಿ ಆರಾಮಾಗಿದ್ರೆ ನನ್ ವಂಶಾನೇ ಜಾಲಾಡ್ತಾರೆ. ಇವತ್ತು ಸಾರಿಗೆ ಉಪ್ಪು ಕಮ್ಮಿ ಅಂತ ನಮ್ಮಪ್ಪನ್ನೂ ಬುಡ್ಲಿಲ್ಲ!"

ಬೈಸಿಕೊಂಡು ಇಷ್ಟು ಹಿಗ್ಗಿದ ಸೊಸೆಯನ್ನು ನಾನಂತೂ ಕಂಡಿಲ್ಲ.

ಆಗಸ್ಟ್ 29

ಟ್ರಸ್ಟಿನ ಮೇಡಂ ಬಂದಿದ್ದರು. ಸುಳ್ಳು ಸೊನ್ನೆ, ಸೊಸೆ ಹೇಳಿದ ಬೈಗುಳದ ಲೆಕ್ಕ — ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಮೇಡಂ ಎಲ್ಲ ಬರೆದುಕೊಂಡು, ಹಾಗಾದರೆ ಮನೆಯವರನ್ನು ಏನು ಕೇಳಬೇಕು ಅನ್ನುವುದನ್ನೇ ಇನ್ನೊಂದು ವರ್ಷ ನೋಡಿ, ದುಡ್ಡು ಕೊಡುತ್ತೇವೆ ಅಂದರು. ಒಂದು ವರ್ಷ! ಸದ್ಯ.

'ಇವತ್ತು ಯಾರನ್ನಾದರೂ ಬೈದರೇ?' ಅನ್ನೋದೂ ಒಂದು ಪ್ರಶ್ನೆ. ಮಲ್ಲಿಗಮ್ಮನಿಗೆ ಫೋನಿನಲ್ಲಿ ಹೇಳಿದೆ.

"ನನ್ ಬೈಗುಳಕ್ಕೂ ದುಡ್ ಕೊಡ್ತಾಳಾ? ಯಾವಳೇ ಅವ್ಳು, ತಲೆಕೆಟ್ಟೋಳು!"

ಹೊಟ್ಟೆ ತುಂಬಿತು.

ಸೆಪ್ಟೆಂಬರ್ 21, ಭಾನುವಾರ, ಬೆಳಗ್ಗೆ 6

ರೂಪಶ್ರೀ ಫೋನು.

"ಅಕ್ಕಾ, ಎಲ್ಡ್ ದಿನದಿಂದ ಅತ್ತೆ ಒಂದ್ ಮಾತೂ ಬೈದಿಲ್ಲ. ರಾತ್ರಿ ಬೇಕೂಂತ್ಲೇ ಸಾರಿಗೆ ಉಪ್ಪಾಕ್ಲಿಲ್ಲ ಕಣಕ್ಕ. ಒಂದ್ ಗುಟುಕ್ ಕುಡ್ದು, 'ಚೆನ್ನಾಗದೆ ಕಣ್ ಮಗ' ಅಂದ್ಬುಟ್ರು..."

ರಜೆ ಇವತ್ತು. ಇರಲಿ. ಏಳರ ಬಸ್ಸು ಸಿಕ್ಕರೆ ಸಾಕು, ದೇವರೇ. ಮಾತ್ರೆ ಚೀಲಕ್ಕೆ ಹಾಕಿಕೊಂಡೆ. ಕೊಡೆ —