ಬಾಯಿಗೆ ಬಿಟ್ಟ ನೀರು

ಅಪ್ಪಾ,

ಮೊನ್ನೆ ಹಾಸನದ ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಿರಲಿಲ್ಲ. ಅದಕ್ಕೇ ನಡೆದದ್ದನ್ನು ಹೇಳುತ್ತಿದ್ದೇನೆ. "ಇನ್ನು ಗುಣವಾಗಲ್ಲಮ್ಮ. ವೆಂಟಿಲೇಟರ್ ಹಾಕೋದಾ, ಬೇಡ್ವಾ?" ಎಂದು ಡಾಕ್ಟರು ಕೇಳಿದರು. ಇಂಥ ಸ್ಥಿತಿ ಬಂದರೆ ಪೈಪು, ಯಂತ್ರ ಯಾವುದೂ ಬೇಡ ಎಂದು ನೀನು ಬರೆಸಿದ್ದ ಕಾಗದವನ್ನು ಅವರ ಕೈಗಿಟ್ಟೆ. ಎರಡು ವರ್ಷ ನಾನದನ್ನು ಬಿಚ್ಚಿಯೂ ನೋಡಿರಲಿಲ್ಲ.

ಅದನ್ನು ಬರೆಸುವ ಮೊದಲು ಒಂದು ದಿನ ನೀನು ನ್ಯೂಸ್ ಪೇಪರ್ ಹಿಡಿದು ಬಂದಿದ್ದೆ. "ಮರ್ವಾದೆಯಿಂದ ಸಾಯೋದೂ ಬದುಕೋ ಹಕ್ಕಿಗೇ ಸೇರೈತೆ ಅಂತ ಸುಪ್ರೀಂ ಕೋರ್ಟೇ ಯೋಳೈತೆ ಕಣವ್ವ."

"ಸಾಯೋ ಮಾತು ಬಿಟ್ರೆ ಬೇರೆ ಇಲ್ವಾ ನಿಂಗೆ?" ಎಂದು ರೇಗಿದ್ದೆ.

"ಬಾಯಾಗೆ ಪೈಪ್ ಇದ್ರೆ ನೀನೆಂಗವ್ವ ನೀರು ಬಿಡ್ತೀಯ?"

ನಾನು ಎದ್ದು ಒಳಗೆ ಹೋದೆ. ನೀನು ಶಾಂತಿಗ್ರಾಮದಲ್ಲಿ ಒಬ್ಬನೇ ಬಸ್ಸು ಹತ್ತಿ ನೋಟರಿಯ ಹತ್ತಿರ ಹೋದೆ.

ಡಾಕ್ಟರು ಓದಿದಾಗಲೇ ಗೊತ್ತಾಗಿದ್ದು: 'ನನ್ನ ಪರವಾಗಿ ಒಪ್ಪಿಗೆ ಕೊಡಬೇಕಾದವಳು ಮಗಳು ಯಶೋಧರಾ.' ಜೊತೆಗೆ ಬರದವಳ ಹೆಸರನ್ನೇ ನೀನು ಬರೆಸಿದ್ದೆ.

ಡಾಕ್ಟರುಗಳ ಎರಡು ತಂಡ ನೋಡಿ ಒಪ್ಪಿದವು. ನಾನು ಸಹಿ ಹಾಕಿದೆ. ತೀರ್ಮಾನ ನಿನ್ನದು, ನಾನು ಅದನ್ನು ಹೇಳುವವಳಷ್ಟೇ. ಅಪ್ಪನನ್ನು ನಾನೇ ಕೈಬಿಟ್ಟೆನಾ ಎಂದು ಕೊರಗುವ ಭಾರವನ್ನು ನೀನೂ ಆ ಕೋರ್ಟೂ ಸೇರಿ ನನ್ನ ತಲೆಯಿಂದ ಇಳಿಸಿದಿರಿ.

ಮನೆಗೆ ಕರೆತಂದು ಚಮಚದಲ್ಲಿ ನೀರು ಬಿಟ್ಟೆ. ಎರಡು ಸಲ ಕೆನ್ನೆಯ ಮೇಲೆ ಹರಿದುಹೋಯಿತು. ಮೂರನೆಯದನ್ನು ನೀನು ನುಂಗಿದೆ.

ನಿನ್ನ,
ಯಶೋಧರಾ