ದಾಳ ಹೇಳದ ಸಾವು

ಮನೆ, ಊಟದ ಮೇಜು
ಆಗಸ್ಟ್ ೬, ಗುರುವಾರ

ಪ್ರೀತಿಯ ತಮ್ಮಾ,

ಇದನ್ನು ಬರೆಯದೆ ಬಿಡುವುದರಲ್ಲಿದ್ದೆ. ಎರಡು ಹಾಳೆ ಹರಿದು ಹಾಕಿಯೂ ಆಯಿತು. ಆ ಭಾನುವಾರ ಆಟದಲ್ಲಿ ನಿನ್ನ ಸೇನಾಪತಿಯನ್ನು ಕೊಂದದ್ದು ದಾಳವಲ್ಲ, ನಾನು.

ನಿನ್ನ ಕೈ ಹೇಗಿದೆ? ಕಪಾಟಿನ ಗಾಜಿಗೆ ಗುದ್ದಿ ಹಾಕಿಸಿಕೊಂಡ ಏಳು ಹೊಲಿಗೆ ಈಗಲೂ ಸೆಳೆಯುತ್ತದೆಯೇ? ವೆಲ್ಡಿಂಗ್ ಮಾಡುವಾಗ ಕೈಗವಸು ಹಾಕಿಕೋ. ಅಕ್ಕ ಹೇಳಿದಳೆಂದು ಬೇಡ, ಆ ಬೆರಳುಗಳ ಮೇಲಿನ ಕನಿಕರಕ್ಕಾದರೂ. ನೀನು ಮನೆ ಬಿಟ್ಟು ಹೋಗಿ ಹನ್ನೊಂದು ತಿಂಗಳಾಯಿತು.

ಆಟ ನಡೆಯುತ್ತಲೇ ಇದೆ. ನಾನು ಕಥೆ ಹೇಳುತ್ತಾ ಹೋಗುವುದು, ಗೆಳೆಯರು ಅದರೊಳಗಿನ ವೀರರಾಗಿ ನುಗ್ಗುವುದು, ಬದುಕು ಸಾವನ್ನು ದಾಳಕ್ಕೆ ಬಿಡುವುದು. ಕಳೆದ ತಿಂಗಳು ಕೋಟೆಯ ಮೆಟ್ಟಿಲ ಮೇಲೆ ಕಾಳಗ. ಗ್ಯಾರೇಜಿನಲ್ಲಿ ಇರುವೆಯನ್ನೂ ತುಳಿಯದ ನಮ್ಮ ಮೆಕ್ಯಾನಿಕ್ ಬೋಲ್ಟು, ಕೊಡಲಿಯಿಂದ ಕಾವಲುಗಾರನ ಭುಜ ಸೀಳಿ ಕುರ್ಚಿ ಹತ್ತಿ ನಿಂತ. ಇನ್ನೊಬ್ಬನ ಹಲ್ಲೆಲ್ಲ ಉದುರಿತೆಂದು ನಾನು ಹೇಳಿದರೆ ಹಲ್ಲಿನ ಡಾಕ್ಟರಮ್ಮ ತಡೆದಳು: "ಮುಂದಿನ ಹಲ್ಲು ಸರಿ ಕಣೇ. ದವಡೆಹಲ್ಲು ಒಂದೇಟಿಗೆ ಬರಲ್ಲ, ಬೇರು ಗಟ್ಟಿ. ಇನ್ನೊಂದು ಬಿಡು ಅವನಿಗೆ." ಹೊಟ್ಟೆ ಹಿಡಿದು ನಕ್ಕೆವು. ಮೇಜಿನ ಸುತ್ತಲಿನ ಉಸಿರೆಲ್ಲ ನನ್ನ ಒಂದು ವಾಕ್ಯಕ್ಕೆ ನಿಲ್ಲುವ ಆ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದಕ್ಕೇ ಭಯವಾಗುತ್ತದೆ.

ಆ ಭಾನುವಾರದ ಆಟದಲ್ಲಿ ಕಟ್ಟಿಹಾಕಿದ್ದ ಸೆರೆಯಾಳುಗಳನ್ನು ನೀನು ಒಬ್ಬೊಬ್ಬರಾಗಿ ಕೊಲ್ಲುತ್ತಿದ್ದೆ. ಡಾಕ್ಟರಮ್ಮ "ಸಾಕು ಬಿಡೋ" ಅಂದರೂ ನಗುತ್ತಾ, ಬೆಲ್ಟು ಸುತ್ತಿಕೊಳ್ಳುವವನ ಹಾಗೆ ಗಾಳಿಯಲ್ಲಿ ಕೈ ತಿರುಗಿಸಿದೆ. ನಮ್ಮನ್ನು ಬಡಿಯುವ ಮುಂಚೆ ಅಪ್ಪ ಹಾಗೇ ಮಾಡುತ್ತಿದ್ದರು. ಒಬ್ಬ ಸೆರೆಯಾಳು ಹಗ್ಗ ಬಿಡಿಸಿಕೊಂಡು ನಿನ್ನ ಮೇಲೆ ಬಿದ್ದನೆಂದೆ. ನನ್ನ ಮುಂದಿನ ರಟ್ಟಿನ ಮರೆಯ ಹಿಂದೆ ಇಪ್ಪತ್ತು ಮುಖದ ದಾಳ ಉರುಳಿಸಿದೆ. ಬಿದ್ದದ್ದು ಮೂರು, ಏಟು ತಪ್ಪಬೇಕಿತ್ತು. "ಇಪ್ಪತ್ತು" ಎಂದೆ. ಆಮೇಲೆ ನಿನ್ನ ಸೇನಾಪತಿಯ ಕುತ್ತಿಗೆಗೆ ಬಾಕು ಇಳಿದದ್ದನ್ನು, ಅವನು ಮೊಣಕಾಲೂರಿ ತನ್ನದೇ ರಕ್ತ ನುಂಗಿದ್ದನ್ನು ಐದು ನಿಮಿಷ ಬಣ್ಣಿಸಿದೆ. ನಿನ್ನನ್ನು ತಡೆಯುವುದಕ್ಕೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದಕ್ಕೆ ಒಂದು ನಿಮಿಷ ಸಾಕಿತ್ತಲ್ಲ, ಉಳಿದ ನಾಲ್ಕು ಯಾತಕ್ಕೆ? ಅಪ್ಪ ನಿನ್ನಲ್ಲಿ ಮಾತ್ರ ಉಳಿದಿದ್ದಾರೆಂದು ನಾನು ಯಾಕೆ ನಂಬಿದ್ದೆ?

"ಮೋಸ ಮಾಡ್ದೆ ಅಕ್ಕಾ" ಎಂದು ನೀನು ಕೂಗಿದಾಗ, ದಾಳ ಹೇಳಿದ್ದು ಎಂದೆ. ಗಾಜು ಒಡೆದದ್ದು ಆಮೇಲೆ.

ಬೋಲ್ಟು, ಡಾಕ್ಟರಮ್ಮ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಮೊನ್ನೆ ಅವರಿಗೂ ಹೇಳಿದೆ. ಬೋಲ್ಟು "ಇದನ್ನ ಅವನಿಗೆ ಹೇಳಕ್ಕಾ, ನಮಗಲ್ಲ" ಅಂದ. ಕಥೆ ಹೇಳುವ ಜಾಗ ಬಿಟ್ಟು ಎದ್ದಿದ್ದೇನೆ, ಇನ್ನು ನೀನು ಹೇಳು. ನಾನೊಬ್ಬಳು ಕಾಲಾಳಾಗಿ ನಿನ್ನ ಕಥೆಯಲ್ಲಿ ನಿಲ್ಲುತ್ತೇನೆ. ದಾಳ ಎಲ್ಲರೆದುರಿಗೇ ಬೀಳಲಿ, ನಾನು ಸತ್ತರೆ ಸಾಯುತ್ತೇನೆ. ಬರುತ್ತೀಯಾ? ಮತ್ತೆ ಹರಿದು ಹಾಕಬಾರದೆಂದು ಲಕೋಟೆ ಅಂಟಿಸಿ ಡಾಕ್ಟರಮ್ಮನ ಕೈಗೆ ಕೊಡುತ್ತಿದ್ದೇನೆ. ಅಂಚೆಗೆ ಬೀಳುವುದು ಸೋಮವಾರ, ಆಗಸ್ಟ್ ೧೦.