ದೀಪ ಹತ್ತದ ಪೋರ್ಟು

ರೀ,

ನೆಟ್‌ವರ್ಕ್ ಸ್ವಿಚ್ ಕೆಟ್ಟಿಲ್ಲ. ಪಾಪ, ಅದನ್ನು ಬೈದಿದ್ದು ಸಾಕು, ಹೊಸದು ತರಲು ಓಡಬೇಡಿ.

ನಿಮ್ಮ ಕಂಪ್ಯೂಟರಿನ ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿದೆ, ದೀಪ ಹತ್ತಲಿಲ್ಲ. ಹಳೆಯ ಪೋರ್ಟಿಗೆ ನನ್ನ ಕೇಬಲ್ ಹಾಕಿದೆ, ತಕ್ಷಣ ಹಸಿರು ದೀಪ ಬಂತು. ತಪ್ಪು ನಿಮ್ಮ ಕೇಬಲ್ಲಿನದೇ ಅಂತ ಗೊತ್ತಾಗಿ ಗೋಡೆಗುಂಟ ಹುಡುಕುತ್ತಾ ಹೋದೆ. ಮೊನ್ನೆ ಅತ್ತೆಯ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದಿರಲ್ಲ, ಅದರ ಕಾಲಿನಡಿ ಕೇಬಲ್ ಅಪ್ಪಚ್ಚಿಯಾಗಿದೆ.

ಹಾಗಂತ ಮಂಚವನ್ನು ಮತ್ತೆ ಮೂಲೆಗೆ ತಳ್ಳಿದರೆ ನಾನು ಸುಮ್ಮನಿರುವುದಿಲ್ಲ. ಆಸ್ಪತ್ರೆಯಿಂದ ಬಂದಮೇಲೆ ಬಾಯೇ ಬಿಡದಿದ್ದವರು ಇವತ್ತು ಕಿಟಕಿಯಾಚೆ ನೋಡುತ್ತಾ, "ಎದುರುಮನೆಯವಳಿಗೆ ಬಟ್ಟೆ ಹಿಂಡೋಕೇ ಬರಲ್ಲ" ಅಂದರು.

ಸಂಜೆವರೆಗೆ ನನ್ನ ಕೇಬಲ್ಲಿನಲ್ಲೇ ಕೆಲಸ ಮಾಡಿ. ಬರುವಾಗ ಉದ್ದನೆಯದು ತರುತ್ತೇನೆ. ಬೇಕಾದರೆ ಕೇಬಲ್ ಮನೆಯೆಲ್ಲ ಸುತ್ತಿಕೊಂಡು ಬರಲಿ, ಮಂಚ ಒಂದಿಂಚೂ ಜರುಗಕೂಡದು.